ಹೊಸ ಸಿಸ್ಟಮ್‌ಗೆ ಡೇಟಾ ರಕ್ಷಣೆ ಮೊದಲಿಂದಲೇ ಸೇರಿಸೋದು ಹೇಗೆ? ಮಾಡಿದೋರು ಹೇಳಿ

ನಮ್ ಸಂಸ್ಥೆಯಲ್ಲಿ ಸದಸ್ಯರ ನೋಂದಣಿಗೆ ಹೊಸ ಸಿಸ್ಟಮ್ ಶುರು ಆಗ್ತಿದೆ. ಪ್ರೈವೆಸಿ ವಿಷ್ಯ ಎಲ್ಲಾ ಲಾಂಚ್ ಹತ್ರ ಬಂದಾಗ ನೋಡ್ಕೊಳ್ಳೋಣ ಅಂತಾರೆ ಮ್ಯಾನೇಜರು, ನಂಗ್ಯಾಕೋ ಅದು ಸರಿ ಕಾಣ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:
ಟೇಬಲ್ ಡಿಸೈನ್ ಮಾಡೋ ದಿನವೇ ಶುರು ಮಾಡಿ. ನಮ್ಮಲ್ಲಿ ಪ್ರತಿ ಕಾಲಮ್ ಎದುರಿಗೆ ಇದು ಯಾಕೆ ಬೇಕು, ಯಾರು ನೋಡ್ತಾರೆ, ಯಾವಾಗ ಅಳಿಸ್ತೀವಿ ಅಂತ ಬರೆದಿಡ್ತೀವಿ, ಉತ್ತರ ಇಲ್ದಿದ್ರೆ ಆ ಕಾಲಮ್ಮೇ ಬೇಡ. ಒಂದು ಫಾರ್ಮಲ್ಲಿ ಹುಟ್ಟಿದ ದಿನಾಂಕ ಹಾಕಿದ್ರು, ಯಾಕೆ ಅಂತ ಕೇಳಿದ್ರೆ 18 ತುಂಬಿದ್ಯಾ ನೋಡೋಕೆ ಅಂದ್ರು, ಅಷ್ಟಕ್ಕೆ ಹೌದು ಅಥವಾ ಇಲ್ಲ ಅಂತ ಇಟ್ಕೊಂಡ್ರೆ ಸಾಕಲ್ವಾ? ಇದು ಚಿಕ್ಕ ವಿಷ್ಯ ಅಲ್ಲ. ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಜಿಪ್ ಕೋಡ್ ಈ ಮೂರೇ ಇದ್ರೂ ಅಮೆರಿಕದ ಸುಮಾರು 87% ಜನರನ್ನ ಬೇರೆಯವರಿಂದ ಪ್ರತ್ಯೇಕವಾಗಿ ಗುರುತಿಸಬಹುದು ಅಂತ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಅದ್ರಲ್ಲಿ ಹೆಸರೇ ಬೇಕಿಲ್ಲ.

ಇನ್ನೊಬ್ಬರು:
ಮೇಲಿನವರು ಹೇಳಿದ್ರಲ್ಲ "ಯಾವಾಗ ಅಳಿಸ್ತೀವಿ" ಅಂತ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅದೇ ಕಷ್ಟದ್ದು, ಆಮೇಲೆ ಸೇರಿಸೋಕೆ ಹೋದ್ರೆ ಆಗೋದೇ ಇಲ್ಲ ಅನ್ನೋ ಅಷ್ಟು ಕಷ್ಟ. ಒಬ್ಬ ಸದಸ್ಯ ನನ್ನ ಮಾಹಿತಿ ತೆಗೀರಿ ಅಂದ ಅಂತಿಟ್ಕೊಳ್ಳಿ, ಮೇನ್ ಟೇಬಲ್‌ನಿಂದ ಡಿಲೀಟ್ ಮಾಡೋದು ಒಂದು ಸಾಲಿನ ಕೆಲಸ, ಆದ್ರೆ ಅಷ್ಟರಲ್ಲಿ ಅದು ರಿಪೋರ್ಟ್ ಡೇಟಾಬೇಸಿಗೆ ಹೋಗಿರುತ್ತೆ, ಯಾರೋ ಎಕ್ಸೆಲ್‌ಗೆ ಇಳಿಸ್ಕೊಂಡು ಮೇಲ್ ಮಾಡಿರ್ತಾರೆ, ಮೆಸೇಜ್ ಕಳಿಸೋ ಹೊರಗಿನ ಕಂಪನಿ ಹತ್ರ ನಂಬರ್ ಇರುತ್ತೆ, ಇನ್ನು ಬ್ಯಾಕಪ್ ಒಳಗಿಂದ ಒಬ್ಬರದ್ದೇ ಸಾಲು ಕಿತ್ತು ಹಾಕೋಕೆ ಸಾಮಾನ್ಯವಾಗಿ ಆಗಲ್ಲ. ಅದಕ್ಕೆ ನಾವು ಪ್ರತಿಯೊಬ್ಬರ ಮಾಹಿತಿನ ಅವರವರದ್ದೇ ಕೀ ಇಂದ ಎನ್‌ಕ್ರಿಪ್ಟ್ ಮಾಡಿ, ಅಂದ್ರೆ ಆ ಕೀ ಇಲ್ದೇ ಓದೋಕಾಗದ ಹಾಗೆ ಮಾಡಿ ಇಡ್ತೀವಿ, ಅಳಿಸ್ಬೇಕಾದಾಗ ಆ ಕೀ ನಾಶ ಮಾಡಿದ್ರೆ ಬ್ಯಾಕಪ್‌ನಲ್ಲಿ ಉಳಿದಿದ್ದನ್ನ ಯಾರೂ ಓದೋಕಾಗಲ್ಲ. ಕೀಗಳ ಬ್ಯಾಕಪ್ ಮಾತ್ರ ಬೇರೆ ಕಡೆ, ಕಡಿಮೆ ದಿನ ಇರ್ಬೇಕು, ಇಲ್ಲಾಂದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಇಷ್ಟು ಬೇಡ ಅನ್ನೋ ಚಿಕ್ಕ ಸಿಸ್ಟಮ್ ಆದ್ರೆ ಅಳಿಸಿದ ಸದಸ್ಯರ ಐಡಿ ಮಾತ್ರ ಒಂದು ಪಟ್ಟಿ ಇಡಿ, ಬ್ಯಾಕಪ್ ರಿಸ್ಟೋರ್ ಮಾಡಿದಾಗೆಲ್ಲ ಅದನ್ನ ಮತ್ತೆ ಓಡಿಸಿ, ಯಾಕಂದ್ರೆ ರಿಸ್ಟೋರ್ ಆದ ತಕ್ಷಣ ಅಳಿಸಿದೋರೆಲ್ಲ ವಾಪಸ್ ಬಂದುಬಿಡ್ತಾರೆ.

ಮ್ಯಾನೇಜರ್ ವಿಷ್ಯಕ್ಕೆ ನಂದೊಂದು ಮಾತು:
ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ತೋರಿಸಿ, 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ 25ನೇ ವಿಧಿ ನೇರವಾಗಿ ಹೇಳುತ್ತೆ, ಡೇಟಾ ಹೇಗೆ ಬಳಸ್ಬೇಕು ಅಂತ ತೀರ್ಮಾನ ಮಾಡೋ ಹೊತ್ತಲ್ಲೇ ರಕ್ಷಣೆ ಇರ್ಬೇಕು ಅಂತ, ಅಂದ್ರೆ ಲಾಂಚ್ ಹತ್ರ ಅನ್ನೋದು ಆ ಕಾನೂನಿನ ಪ್ರಕಾರ ಆಗ್ಲೇ ತಡ. ಮುರಿದ್ರೆ 1 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ 2%, ಯಾವುದು ಜಾಸ್ತಿನೋ ಅಲ್ಲಿವರೆಗೂ ದಂಡ. ನಿಮಗೆ ಆ ಕಾನೂನು ಅನ್ವಯ ಆಗ್ದೇ ಇದ್ರೂ ಒಳ್ಳೆ ಅಳತೆಗೋಲು. ಪ್ರೈವೆಸಿ ತಜ್ಞೆ ಆನ್ ಕವೂಕಿಯನ್ ಕೆನಡಾದ ಒಂಟಾರಿಯೊದಲ್ಲಿ ರಕ್ಷಣೆ ಮೊದಲಿಂದಲೇ ಇರ್ಬೇಕು ಅನ್ನೋ ಈ ವಿಚಾರನ 1990ರ ದಶಕದಲ್ಲೇ ಮುಂದಿಟ್ಟಿದ್ರು, ಹೊಸ ಫ್ಯಾಷನ್ ಏನಲ್ಲ ಇದು.

ಟೆಸ್ಟಿಂಗ್ ಮಾಡೋಳು ನಾನು:
ಲಾಗ್, ಅಂದ್ರೆ ಸಿಸ್ಟಮ್ ತಾನು ಮಾಡಿದ್ದನ್ನ ಬರೆದಿಡೋ ಫೈಲು, ಅದನ್ನ ಮರೀಬೇಡಿ ಪ್ಲೀಸ್. ಡೇಟಾಬೇಸಿಗೆ ಏಳು ಬೀಗ ಹಾಕಿರ್ತಾರೆ, ಡಿಬಗ್ ಲಾಗ್ ತೆರೆದ್ರೆ ಬಂದ ರಿಕ್ವೆಸ್ಟ್ ಹಾಗೇ ಬಿದ್ದಿರುತ್ತೆ, ಹೆಸರು, ಫೋನು, ವಿಳಾಸ ಎಲ್ಲಾ. ಲಾಗ್‌ಗೆ ಹೋಗ್ಬಹುದಾದ ಫೀಲ್ಡ್‌ಗಳ ಪಟ್ಟಿ ಮಾಡಿ, ಅದ್ರಲ್ಲಿ ಇಲ್ದೇ ಇರೋದು ತಾನಾಗೇ ಮರೆಯಾಗೋ ಹಾಗೆ ಕೋಡ್ ಬರೆಸಿ. ಹಾಗೇ ಟೆಸ್ಟಿಂಗ್‌ಗೆ ಅಂತ ಪ್ರೊಡಕ್ಷನ್ ಕಾಪಿ (ನಿಜವಾದ ಸದಸ್ಯರ ಡೇಟಾದ ನಕಲು) ಕೊಡೋಕೆ ಬಂದ್ರೆ ಬೇಡ ಅನ್ನಿ, "ಫೋನ್ ನಂಬರ್ ಹ್ಯಾಶ್ ಮಾಡಿದೀವಿ, ಏನೂ ಆಗಲ್ಲ" ಅಂತಾರೆ, ಹ್ಯಾಶ್ ಅಂದ್ರೆ ನಂಬರನ್ನ ನೇರವಾಗಿ ಹಿಂದಕ್ಕೆ ತಿರುಗಿಸೋಕಾಗದ ಕೋಡ್ ಆಗಿ ಬದಲಾಯಿಸೋದು, ಆದ್ರೆ ಹತ್ತಂಕಿಯ ನಂಬರ್ ಒಟ್ಟು ಇರೋದೇ 1000 ಕೋಟಿ, ಸಾದಾ ಹ್ಯಾಶ್ ಆದ್ರೆ ಒಂದು ಗ್ರಾಫಿಕ್ಸ್ ಕಾರ್ಡು ಕೆಲವೇ ನಿಮಿಷದಲ್ಲಿ ಎಲ್ಲಾ ಪ್ರಯತ್ನಿಸಿ ನಂಬರ್ ಹೊರಗೆ ತೆಗೆಯುತ್ತೆ. ಟೆಸ್ಟ್‌ಗೆ ಬೇಕಾದ ಸುಳ್ಳು ಡೇಟಾ ತಯಾರಿಸೋ ಸ್ಕ್ರಿಪ್ಟ್‌ನ ಮೊದಲ ವಾರದ ಕೆಲಸದಲ್ಲೇ ಸೇರಿಸಿಬಿಡಿ.