ಮದುವೆ ಡಿವಿಡಿ ಚಿಕ್ಕದು ಮಾಡಿದರೆ ಗೆರೆ ಬರ್ತಿದೆ

ಪ್ರಶ್ನೆ: ಅಕ್ಕನ ಮದುವೆ ಡಿವಿಡಿ 4.3 ಜಿಬಿ ಇದೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಎಚ್.264 (ವಿಡಿಯೊ ಕುಗ್ಗಿಸುವ ವಿಧಾನ) ಮಾಡಿ 700 ಎಂಬಿಗೆ ಇಳಿಸಿದೆ, ಆದರೆ ಧಾರೆ ಎರೆಯುವಾಗ ಕೈ ಆಡಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ, ಸೀರೆ ಅಂಚೆಲ್ಲ ಚೌಕ ಚೌಕ. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಎಷ್ಟಿಡಲಿ?

ಉತ್ತರ 1: ಗೆರೆಗೆ ಬಿಟ್‌ರೇಟ್ ಕಾರಣ ಅಲ್ಲ. ಅದು ಇಂಟರ್‌ಲೇಸ್ ಆದ ಪಾಲ್ (ಹಳೆಯ ಟಿವಿ ಮಾದರಿ) ವಿಡಿಯೊ, 720×576, ಒಂದೊಂದು ಫ್ರೇಮಿನಲ್ಲೂ ಎರಡು ಕ್ಷಣ ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸ್ ಆನ್ ಮಾಡಿ. ಚೌಕಕ್ಕೆ ಮದ್ದು ಬೇರೆ: ಸೈಜ್ ಮರೆತುಬಿಡಿ, ಗುಣಮಟ್ಟ ಹಿಡಿದಿಡುವ ಕಾನ್‌ಸ್ಟಂಟ್ ಕ್ವಾಲಿಟಿ ಆಯ್ಕೆಯಲ್ಲಿ ಆರ್‌ಎಫ್ (ಗುಣಮಟ್ಟದ ಅಂಕ) 20, ವೇಗದ ಪ್ರಿಸೆಟ್ ಸ್ಲೋ.

ಉತ್ತರ 2: ಸುಮ್ನೆ 1080 (ಎಚ್‌ಡಿ) ಅಳತೆಗೆ ಹಿಗ್ಗಿಸಬೇಡಿ, ಇಲ್ಲದ ವಿವರ ಬರಲ್ಲ, ಫೈಲ್ ಮಾತ್ರ ಉಬ್ಬುತ್ತದೆ. ಮೊದಲು ಧಾರೆಯ ಎರಡು ನಿಮಿಷ ಮಾತ್ರ ಮಾಡಿ ನೋಡಿ.

ಪ್ರಶ್ನೆ ಕೇಳಿದವರು: ಗೆರೆ ಹೋಯ್ತು! 1.4 ಜಿಬಿ ಆಯ್ತು, ಪರವಾಗಿಲ್ಲ. ಇನ್ನು ಡಿವಿಡಿ ಎಸೆಯಬಹುದು ಅಲ್ವಾ?

ಉತ್ತರ 1: ಅಯ್ಯೋ ಬೇಡ, ಐಎಸ್‌ಒ (ಇಡೀ ಡಿವಿಡಿಯ ನಕಲು ಫೈಲ್) ಮಾಡಿಟ್ಟುಕೊಳ್ಳಿ.