ಎರಡು ಹಾರ್ಡ್ ಡಿಸ್ಕ್, ಎರಡಕ್ಕೂ ‘ಇ’ ಡ್ರೈವ್: ನೀವು ಹೇಗೆ ಸರಿಮಾಡಿಕೊಂಡಿರಿ?

ಕೇಳಿದವರು:
ನನ್ನ ಹತ್ತಿರ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇವೆ. ಒಂದರಲ್ಲಿ ಫೋಟೋಗಳು, ಇನ್ನೊಂದು ಬ್ಯಾಕಪ್‌ಗೆ. ಯಾವುದನ್ನು ಮೊದಲು ಹಾಕುತ್ತೇನೋ ಅದೇ ‘ಇ’ ಆಗಿಬಿಡುತ್ತದೆ. ಬ್ಯಾಕಪ್ ಸಾಫ್ಟ್‌ವೇರ್ ಪದೇ ಪದೇ ಡ್ರೈವ್ ಸಿಗುತ್ತಿಲ್ಲ ಅನ್ನುತ್ತದೆ. ವಿಂಡೋಸ್ ಕಂಪ್ಯೂಟರ್. ಡ್ರೈವ್‌ನ ಈ ಅಕ್ಷರ ಬದಲಿಸಿದರೆ ಒಳಗಿನ ಫೈಲ್‌ಗಳಿಗೆ ಏನಾದರೂ ಆಗುತ್ತದಾ?

ಮೊದಲ ಉತ್ತರ:
ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಹೆದರಬೇಡಿ. ಆ ಅಕ್ಷರ ಡಿಸ್ಕ್ ಒಳಗೆ ಬರೆದಿರುವುದಲ್ಲ. ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗ್‌ಗಳ ದಾಖಲೆಯಲ್ಲಿ, ಬರೆದಿಟ್ಟುಕೊಳ್ಳುವ ಗುರುತು ಅದು. ಅದಕ್ಕೇ ಅದೇ ಡಿಸ್ಕ್ ಬೇರೆ ಕಂಪ್ಯೂಟರಿನಲ್ಲಿ ಬೇರೆ ಅಕ್ಷರದಲ್ಲಿ ಕಾಣುತ್ತದೆ. ಡಿಸ್ಕ್ ತೆಗೆದ ಕೂಡಲೇ ಅದರ ಅಕ್ಷರ ಖಾಲಿಯಾಗುತ್ತದೆ, ಆಮೇಲೆ ಬಂದದ್ದು ಅಲ್ಲಿ ಕೂರುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಬೇಕಾದ ಪಾರ್ಟಿಷನ್ (ಡಿಸ್ಕ್‌ನ ಭಾಗ) ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್’, ಆಮೇಲೆ ‘ಚೇಂಜ್’. ಅದೇ ಮೆನುವಿನಲ್ಲಿ ‘ಫಾರ್ಮ್ಯಾಟ್’ ಕೂಡ ಇರುತ್ತದೆ, ನೋಡಿಕೊಂಡು ಒತ್ತಿ. ಫೋಟೋ ಡಿಸ್ಕ್‌ಗೆ ‘ಪಿ’, ಬ್ಯಾಕಪ್‌ಗೆ ‘ಟಿ’ ಕೊಡಿ. ವಿಂಡೋಸ್ ‘ಸಿ’ ಆದಮೇಲೆ ಮೊದಲು ಸಿಕ್ಕ ಖಾಲಿ ಅಕ್ಷರವನ್ನು ಕೊಡುತ್ತಾ ಹೋಗುತ್ತದೆ. ಅಷ್ಟು ದೂರದ ಅಕ್ಷರಕ್ಕೆ ಪೆನ್ ಡ್ರೈವ್‌ಗಳು ಬರುವುದು ತೀರಾ ಕಡಿಮೆ. ‘ಎ’, ‘ಬಿ’ ಹಿಂದೆ ಫ್ಲಾಪಿಗೆ ಮೀಸಲಾಗಿದ್ದವು, ಅವನ್ನು ಸುಮ್ನೆ ಬಿಟ್ಟುಬಿಡಿ.

ಇನ್ನೊಬ್ಬರು:
ಮೇಲಿನ ಉತ್ತರ ಸರಿ. ಆದರೆ ಅಕ್ಷರವನ್ನು ಮಾತ್ರ ನಂಬಬೇಡಿ. ನಾನು ನಂಬಿ ಫೋಟೋ ಕಳೆದುಕೊಂಡಿದ್ದೇನೆ.

ರಾತ್ರಿ ತಾನಾಗೇ ಓಡುವ ಒಂದು ಬ್ಯಾಚ್ ಫೈಲ್ (ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ) ಮಾಡಿದ್ದೆ. ವಿಂಡೋಸ್‌ನಲ್ಲೇ ಇರುವ ಕಾಪಿ ಮಾಡುವ ಆದೇಶ ರೋಬೊಕಾಪಿಯ ಮಿರರ್ ಆಯ್ಕೆ ಬಳಸಿ ‘ಡಿ’ಯಲ್ಲಿದ್ದ ಕೆಲಸದ ಫೋಲ್ಡರ್ ‘ಇ’ಗೆ ಹೋಗುತ್ತಿತ್ತು. ಮಿರರ್ ಅಂದರೆ ಬರೀ ಕಾಪಿ ಅಲ್ಲ. ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯಿಂದ ಅಳಿಸಿಯೂ ಹಾಕುತ್ತದೆ. ಒಂದು ದಿನ ಬ್ಯಾಕಪ್ ಡಿಸ್ಕ್ ತೆಗೆದಿಟ್ಟು ಫೋಟೋ ಡಿಸ್ಕ್ ಹಾಕಿ ಮಲಗಿದೆ. ‘ಇ’ ಅದಕ್ಕೆ ಹೋಗಿತ್ತು. ಬೆಳಿಗ್ಗೆ ನೋಡಿದರೆ ಮಗಳ ಮೊದಲ ವರ್ಷದ ಫೋಟೋಗಳಿದ್ದ ಜಾಗದಲ್ಲಿ ಆಫೀಸಿನ ಫೈಲ್‌ಗಳು. ರೀಸೈಕಲ್ ಬಿನ್‌ನಲ್ಲೂ ಇಲ್ಲ, ರೋಬೊಕಾಪಿ ಅಳಿಸಿದ್ದು ಅಲ್ಲಿಗೆ ಹೋಗುವುದೇ ಇಲ್ಲ. ಕೂಡಲೇ ಡಿಸ್ಕ್ ತೆಗೆದೆ. ಮತ್ತೇನೂ ಬರೆಯದೆ ರಿಕವರಿ ಸಾಫ್ಟ್‌ವೇರ್‌ನಿಂದ ಇನ್ನೊಂದು ಡಿಸ್ಕ್‌ಗೆ ಎತ್ತಿಕೊಂಡೆ. ಅರ್ಧದಷ್ಟು ಸಿಕ್ಕವು, ಹೆಸರುಗಳಿಲ್ಲದೆ. ಉಳಿದವು ಹೋದವು.

ಈಗ ಬ್ಯಾಕಪ್ ಡಿಸ್ಕ್‌ನಲ್ಲಿ ಒಂದು ಚಿಕ್ಕ ಗುರುತಿನ ಫೈಲ್ ಇಟ್ಟಿದ್ದೇನೆ. ಬ್ಯಾಚ್ ಫೈಲ್ ಮೊದಲು ಅದನ್ನು ಹುಡುಕುತ್ತದೆ, ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಗುರುತಿನ ಫೈಲ್ ಆ ಡಿಸ್ಕ್‌ನಲ್ಲೇ ಯಾವ ಫೋಲ್ಡರ್‌ಗೂ ಹಾಕದೆ ಇರಲಿ, ಬ್ಯಾಕಪ್ ಬೇರೆ ಫೋಲ್ಡರ್ ಒಳಗೆ ಹೋಗಲಿ. ಇಲ್ಲದಿದ್ದರೆ ಮಿರರ್ ಅದನ್ನೂ ಅಳಿಸುತ್ತದೆ. ಡಿಸ್ಕ್‌ಗಳಿಗೆ ಹೆಸರನ್ನೂ ಕೊಡಿ. ಹೆಸರು ಡಿಸ್ಕ್‌ನಲ್ಲೇ ಇರುತ್ತದೆ, ಯಾವ ಕಂಪ್ಯೂಟರಿಗೆ ಹಾಕಿದರೂ ಬದಲಾಗುವುದಿಲ್ಲ.

ಮತ್ತೊಬ್ಬರು:
‘ಡಿ’ಯಲ್ಲಿ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡಿದ್ದರೆ ಅದರ ಅಕ್ಷರ ಮುಟ್ಟಬೇಡಿ. ನಾನು ಬದಲಿಸಿ, ಶಾರ್ಟ್‌ಕಟ್‌ಗಳೆಲ್ಲ ಕೆಟ್ಟು, ಕೊನೆಗೆ ಹಳೆಯ ಅಕ್ಷರವನ್ನೇ ವಾಪಸ್ ಕೊಟ್ಟೆ. ಕೊಟ್ಟ ಮೇಲೆ ಎಲ್ಲ ಸರಿಹೋಯಿತು. ನೆಟ್‌ವರ್ಕ್ ಡ್ರೈವ್ ಇದ್ದರೆ ‘ಝಡ್’ನಿಂದ ಹಿಂದಕ್ಕೆ ಬಳಸಿ, ಯುಎಸ್‌ಬಿ ಜೊತೆ ಜಗಳ ಇರುವುದಿಲ್ಲ.

ಕೇಳಿದವರು ಮತ್ತೆ:
‘ಪಿ’, ‘ಟಿ’ ಕೊಟ್ಟೆ. ಎರಡನ್ನೂ ತೆಗೆದು ಉಲ್ಟಾ ಕ್ರಮದಲ್ಲಿ ಹಾಕಿ ನೋಡಿದೆ, ಅಕ್ಷರ ಬದಲಾಗಲಿಲ್ಲ. ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಹಳೆಯ ‘ಇ’ ಹಾಗೇ ಇತ್ತು, ಅದನ್ನೂ ‘ಟಿ’ ಮಾಡಿದೆ. ಫೋಟೋಗಳ ಇನ್ನೊಂದು ಕಾಪಿ ಇವತ್ತೇ ಮಾಡುತ್ತಿದ್ದೇನೆ.