ಯಾರಿಗೂ ಅಂತ ಅಲ್ಲ, ಸುಮ್ನೆ ಮಾಹಿತಿಗೆ

ನಮ್ಮ ‘ಹಳೇಮನೆ ಬಳಗ’ ಗುಂಪಿನಲ್ಲಿ 43 ಜನ. ಅಡ್ಮಿನ್ ನಾನು. ಅಂದರೆ ಜಗಳ ಆದಾಗ ಎರಡೂ ಕಡೆಯವರ ಫೋನು ನನಗೇ ಬರುತ್ತದೆ. ಹೋದ ಭಾನುವಾರ ಬೆಳಿಗ್ಗೆ 6.12ಕ್ಕೆ, ದೊಡ್ಡಪ್ಪನ ಶುಭೋದಯದ ದಾಸವಾಳ ಅರಳುವ ಮೊದಲೇ, ಸತೀಶಣ್ಣ ಒಂದು ಫಾರ್ವರ್ಡ್ ಬಿಟ್ಟಿದ್ದ:

‘ಡೀಸೆಲ್ ಕಾರು ಇರುವವರೇ ಎಚ್ಚರ!! ಕಾರಿನಿಂದ ಸೀಟಿಯಂಥ ಶಬ್ದ ಬರುತ್ತಿದೆಯೇ? ಏರ್ ಪೈಪ್ ಬಿಚ್ಚಿ, ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೋದ ಶಾಫ್ಟನ್ನು (ನಡುವೆ ತಿರುಗುವ ಕಡ್ಡಿ) ಬೆರಳಲ್ಲಿ ಹಿಡಿದು ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಟರ್ಬೋ ಸತ್ತಿದೆ ಎಂದರ್ಥ! ಶೋರೂಮಿನವರು ಇದನ್ನು ಹೇಳುವುದಿಲ್ಲ. ಹಳೇ ಕಾರು ಕೊಳ್ಳುವ ಮುನ್ನ ತಪ್ಪದೇ ನೋಡಿ. 10 ಜನರಿಗೆ ಕಳಿಸಿ.’

ಕೆಳಗೆ ಅವನದೇ ಒಂದು ಸಾಲು: ಯಾರಿಗೂ ಅಂತ ಅಲ್ಲ, ಸುಮ್ನೆ ಮಾಹಿತಿಗೆ.

ಯಾರಿಗೆ ಅಂತ 43 ಜನಕ್ಕೂ ಗೊತ್ತು. ಎಂಟು ತಿಂಗಳ ಹಿಂದೆ ಪ್ರಕಾಶ ಭಾವ ತಮ್ಮ ಡೀಸೆಲ್ ಕಾರನ್ನು ಸತೀಶಣ್ಣನಿಗೆ ಮಾರಿದ್ದರು. ‘ನೆಂಟರ ಬೆಲೆ’ ಅಂದಿದ್ದರು. ನೆಂಟರ ಬೆಲೆ ಅಂದರೆ ಹೆಚ್ಚೋ ಕಡಿಮೆಯೋ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ.

ಪ್ರಕಾಶ ಭಾವ: ಒಳ್ಳೇ ಮಾಹಿತಿ. ಕಾರು ಓಡಿಸೋಕೆ ಬರದವರಿಗೆ ಇಂಥವು ಬೇಕಾಗ್ತವೆ.

ಸತೀಶಣ್ಣ: ನಾನು ಯಾರ ಹೆಸರೂ ಹೇಳಿಲ್ಲ ಭಾವ

ಪ್ರಕಾಶ ಭಾವ: ನಾನೂ ಹೇಳಿಲ್ಲ. ನನ್ನ ಹತ್ರ ಇರೋವರೆಗೂ ಆ ಇಂಜಿನ್ನಿಗೆ ಒಂದು ಸ್ಪ್ಯಾನರ್ ಮುಟ್ಟಿಸಿಲ್ಲ. ಆಯಿಲ್ ಬದಲಾಯಿಸಿದ್ದು, ಓಡಿಸಿದ್ದು, ಅಷ್ಟೇ.

ವಿನಯಕ್ಕ: ರೀ, ಕಾಫಿ ಆರ್ತಾ ಇದೆ

ಸುಷ್ಮಾ: ಇದು ಎಲ್ಲಿಂದ ಬಂತು ಸತೀಶಣ್ಣ? ಬರೆದೋರು ಯಾರು?

ಸತೀಶಣ್ಣ: ಮೆಕ್ಯಾನಿಕ್‌ಗಳ ಗುಂಪಿಂದ

ಸುಷ್ಮಾ: ನೀನು ಯಾವ ಮೆಕ್ಯಾನಿಕ್‌ಗಳ ಗುಂಪಲ್ಲಿದ್ದೀಯ?

ಸತೀಶಣ್ಣ: ಅಡಿಕೆ ಬೆಳೆಗಾರರ ಗುಂಪು. ಅದ್ರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ.

ಸುಷ್ಮಾ ಪುಣೆಯಲ್ಲಿ ಡೀಸೆಲ್ ಇಂಜಿನ್ನಿನ ಕೆಲಸದಲ್ಲೇ ಇರುವವಳು. ಮೂಲ ಕೇಳುವುದು ಅವಳ ಹುಟ್ಟುಗುಣ. ತುಳಸಿ ಕಷಾಯದ ಫಾರ್ವರ್ಡಿಗೂ ಮೂಲ ಕೇಳಿ ಸರೋಜ ಚಿಕ್ಕಮ್ಮನ ಕೋಪ ಕಟ್ಟಿಕೊಂಡಿದ್ದಳು.

ಸುಷ್ಮಾ: ಯಾವ ಕಡೆಗೆ ಅಲುಗ್ತು ಅನ್ನೋದು ಮುಖ್ಯ. ಶಾಫ್ಟ್ ಕೂತಿರೋದು ಬುಶ್ ಥರದ ಬೇರಿಂಗಲ್ಲಿ, ನಡುವೆ ಆಯಿಲ್ ಪದರ. ಇಂಜಿನ್ ನಿಂತಾಗ ಆಯಿಲ್ ಪ್ರೆಶರ್ ಇರಲ್ಲ, ಹಾಗಾಗಿ ಮೇಲೆ ಕೆಳಗೆ, ಅಡ್ಡಕ್ಕೆ ಸ್ವಲ್ಪ ಅಲುಗೇ ಅಲುಗುತ್ತೆ. ಹೊಸದೂ ಅಲುಗುತ್ತೆ. ಒಂದು ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆ ಕವಚಕ್ಕೆ ತಾಗಬಾರದು, ಉಜ್ಜಿದ ಗುರುತು ಇರಬಾರದು. ಆದ್ರೆ ಹಿಂದೆ ಮುಂದೆ ಎಳೆದು ನೂಕಿದಾಗ ಟಕ್ ಟಕ್ ಅಂತ ಕೈಗೆ ಗೊತ್ತಾದ್ರೆ, ಶಾಫ್ಟ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯೋ ಥ್ರಸ್ಟ್ ಬೇರಿಂಗ್ ಹೋಗಿದೆ. ಸಣ್ಣ ಟರ್ಬೋಗಳಲ್ಲಿ ಆ ಕಡೆಯ ಆಟ ಸುಮಾರು 0.1 ಮಿಲಿಮೀಟರ್ ಒಳಗೇ ಇರಬೇಕು. ಕೂದಲೆಳೆ ಲೆಕ್ಕ ಅಲ್ಲಿಗೆ ಸರಿ, ಅಡ್ಡಕ್ಕೆ ಅಲ್ಲ. ಮತ್ತೆ, ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಮಾತ್ರ ಬೆರಳು ಹಾಕೋದು!

ಆ ದಿನ ಗುಂಪಿಗೆ ಬಂದದ್ದರಲ್ಲಿ ಓದಬೇಕಾದದ್ದು ಇದೊಂದೇ. ಪೂರ್ತಿ ಓದಲು ‘ಇನ್ನಷ್ಟು’ ಒತ್ತಬೇಕಿತ್ತು. ಯಾರೂ ಒತ್ತಿದ ಹಾಗಿಲ್ಲ.

ಸರೋಜ ಚಿಕ್ಕಮ್ಮ: ಸುಷ್ಮಾ ಪುಟ್ಟಾ ತಿಂಡಿ ಆಯ್ತಾ

ಆಮೇಲೆ ದಾಸವಾಳ ಬಂತು. ದಾಸವಾಳದ ಹಿಂದೆ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಈಗಿನವರಿಗೆ ಎಲ್ಲದಕ್ಕೂ ಟರ್ಬೋ ಬೇಕು. ಅಪ್ಪಯ್ಯನ ಜೀಪಿಗೆ ಎಂತ ಟರ್ಬೋ ಇತ್ತು? ಆಗುಂಬೆ ಘಾಟಿ ಹತ್ತಲಿಲ್ಲವೇ? ಇದೆಲ್ಲ ಇತ್ತೀಚಿನ ಹುಚ್ಚು. ವಸ್ತುವನ್ನು ಜೋಪಾನ ಮಾಡುವ ಬುದ್ಧಿ ಹೋಗಿದೆ. ಅಪ್ಪಯ್ಯ ಘಾಟಿ ಹತ್ತಿ ಬಂದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇಂಜಿನ್ನನ್ನು ಹಾಗೇ ಬಿಟ್ಟು ಆಮೇಲೆ ಆರಿಸುತ್ತಿದ್ದರು.

ಸುಷ್ಮಾ: ಇತ್ತೀಚಿನದಲ್ಲ ದೊಡ್ಡಪ್ಪ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಪೇಟೆಂಟ್ ತಗೊಂಡಿದ್ದು 1905ರಲ್ಲಿ. ಆದ್ರೆ ಅಜ್ಜಯ್ಯ ಮಾಡ್ತಿದ್ದದ್ದು ಟರ್ಬೋ ಕಾರಿಗೆ ಇನ್ನೂ ಸರಿ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗೋ ಶಾಫ್ಟ್ ಅದು. ಘಾಟಿ ಹತ್ತಿದ ಕೂಡ್ಲೇ ಆಫ್ ಮಾಡಿದ್ರೆ ಆಯಿಲ್ ಹರಿಯೋದು ನಿಂತು, ಕಾದಿರೋ ಟರ್ಬೋ ಒಳಗೇ ಸುಟ್ಟು ಮಸಿ ಕಟ್ಟುತ್ತೆ. ಒಂದು ನಿಮಿಷ ಐಡಲ್ ಬಿಟ್ರೆ ಸಾಕು.

ದೊಡ್ಡಪ್ಪ: ಅದನ್ನೇ ನಾನು ಹೇಳಿದ್ದು.

ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಮನೆ ಪಾಲಾದ ಮೇಲೆ ಇದೇ ಮೊದಲು. ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಆದರೆ ಜೀಪು ಅಂದದ್ದೇ ತಡ, ಮಸ್ಕತ್ತಿನಲ್ಲಿ ನಾಗೇಂದ್ರ ಎದ್ದು ಕೂತ.

ನಾಗೇಂದ್ರ: ಆ ಜೀಪು!! ಸೋಮೇಶ್ವರದಿಂದ 14 ತಿರುವು. ಒಂಬತ್ತನೇ ತಿರುವಲ್ಲಿ ರೇಡಿಯೇಟರ್ ಕುದ್ದು ನಿಂತಿದ್ದು ನೆನಪಿದ್ಯಾ ಯಾರಿಗಾದ್ರೂ? ಅಜ್ಜಿ ಕಡುಬಿನ ತಾಮ್ರದ ತಪ್ಪಲೆ ಕೊಟ್ಟು, ನಾವೆಲ್ಲ ಝರಿಯಿಂದ ನೀರು ಹೊತ್ತಿದ್ದು? ಎಂತ ಕಾಲ ಮಾರಾಯ್ರೆ

ಸರೋಜ ಚಿಕ್ಕಮ್ಮ: ಆ ತಪ್ಪಲೆ ಈಗ ಯಾರ ಮನೇಲಿದೆ ಅಂತ ನಾನು ಕೇಳಲ್ಲ

ವಿನಯಕ್ಕ: ಕೇಳಿ ಚಿಕ್ಕಮ್ಮ, ಕೇಳೋದ್ರಲ್ಲಿ ಎಂತ ಇದೆ. ಅಜ್ಜಿ ಕೈಯಾರೆ ಕೊಟ್ಟಿದ್ದು ನಂಗೆ. ಇನ್ನು ಅದ್ರ ಸುದ್ದಿ ಈ ಗುಂಪಲ್ಲಿ ನಾನು ಎತ್ತಲ್ಲ.

ಮಧ್ಯಾಹ್ನದವರೆಗೂ ತಪ್ಪಲೆ. ಅದನ್ನು ಇಲ್ಲಿ ಬರೆದರೆ ನನಗೆ ಎರಡೂ ಮನೆಯಲ್ಲಿ ಊಟ ಇಲ್ಲ. ನಡುನಡುವೆ, ಸಂತೆಯಲ್ಲಿ ಪಿಸುಮಾತಾಡಿದಂತೆ, ಇದೊಂದು ನಡೆಯುತ್ತಿತ್ತು:

ಸುಷ್ಮಾ: ಸತೀಶಣ್ಣ, ನಿಜವಾಗ್ಲೂ ಶಬ್ದ ಹೇಗೆ ಬರುತ್ತೆ? ಆಕ್ಸಿಲರೇಟರ್ ಒತ್ತಿದಾಗ ಸಣ್ಣ ಸೀಟಿ ಅಂದ್ರೆ ಸಹಜ. ಆಂಬುಲೆನ್ಸ್ ಸೈರನ್ ಥರ ಏರಿ, ಕಾಲು ತೆಗೆದ ಮೇಲೂ ಕೊರಗ್ತಾ ಇಳಿದ್ರೆ ಬೇರಿಂಗ್ ಮೇಲೆ ಅನುಮಾನ.

ಸತೀಶಣ್ಣ: ಸೈರನ್ ಅಲ್ಲ. ಕುಕ್ಕರ್ ಹಬೆ ಬಿಟ್ಟಂಗೆ, ಸುಸ್ಸ್ ಅಂತ. ಮೂಟೆ ಹಾಕ್ಕೊಂಡು ಏರು ಹತ್ತುವಾಗ. ಎಳೆಯೋದೂ ಇಲ್ಲ.

ಸುಷ್ಮಾ: ಹೊಗೆ?

ಸತೀಶಣ್ಣ: ಕಪ್ಪು

ಸುಷ್ಮಾ: ನೀಲಿ ಅಲ್ಲ ತಾನೇ? ಆಯಿಲ್ ಇಳೀತಿದ್ಯಾ?

ಸತೀಶಣ್ಣ: ಇಲ್ಲ. ಕಡ್ಡಿ ತೆಗೆದು ನೋಡ್ದೆ, ಇದ್ದಷ್ಟೇ ಇದೆ.

ಸುಷ್ಮಾ: ಹಾಗಾದ್ರೆ ಟರ್ಬೋ ಬಿಚ್ಚಿಸೋಕೆ ಹೋಗ್ಬೇಡ. ಟರ್ಬೋದಿಂದ ಇಂಟರ್‌ಕೂಲರಿಗೆ (ಆ ಗಾಳಿ ತಣಿಸೋ ಭಾಗ) ಹೋಗೋ ಹೋಸ್, ಅದರ ಕ್ಲಾಂಪ್ ಮೊದ್ಲು ನೋಡ್ಸು. ಗಾಳಿ ಸೋರಿದ್ರೆ ಡೀಸೆಲ್ ಸರಿಯಾಗಿ ಉರಿಯಲ್ಲ, ಅದಕ್ಕೇ ಕಪ್ಪು ಹೊಗೆ. ಸೋರೋ ಜಾಗದಲ್ಲಿ ಜಿಡ್ಡು ಕೂತಿರುತ್ತೆ. ನೀಲಿ ಹೊಗೆ ಬಂದಿದ್ರೆ ಕಾರೇ ಓಡಿಸ್ಬೇಡ ಅಂತಿದ್ದೆ. ಟರ್ಬೋ ಸೀಲ್ ಹೋಗಿ ಡೀಸೆಲ್ ಇಂಜಿನ್ ತನ್ನ ಆಯಿಲ್ ತಾನೇ ಕುಡಿಯೋಕೆ ಶುರು ಮಾಡಿದ್ರೆ, ಕೀ ತೆಗೆದ್ರೂ ನಿಲ್ಲದೇ ಹೋಗ್ಬಹುದು.

ಸರೋಜ ಚಿಕ್ಕಮ್ಮ: ಕುಡಿಯೋ ವಿಷಯ ಗುಂಪಲ್ಲಿ ಬೇಡ, ಮಕ್ಕಳಿದ್ದಾರೆ

ಸೋಮವಾರ ಸಂಜೆ ಸತೀಶಣ್ಣ ಒಂದು ಫೋಟೋ ಹಾಕಿದ. ಕಪ್ಪು ರಬ್ಬರ್ ಹೋಸು, ಕ್ಲಾಂಪಿನ ಪಕ್ಕ ಹೆಬ್ಬೆರಳುದ್ದ ಸೀಳು, ಸುತ್ತ ಎಣ್ಣೆ ಜಿಡ್ಡು.

ಸತೀಶಣ್ಣ: ಸುಷ್ಮಾ ಹೇಳಿದ್ದೇ. ಮೆಕ್ಯಾನಿಕ್ ಶಾಫ್ಟೂ ನೋಡಿದ. ಅಡ್ಡಕ್ಕೆ ಸ್ವಲ್ಪ ಇದೆ, ತಾಗಲ್ಲ. ಹಿಂದೆ ಮುಂದೆ ಏನೂ ಇಲ್ಲ. ಟರ್ಬೋ ಚೆನ್ನಾಗಿದೆ ಅಂದ.

ಇಲ್ಲಿಗೆ ಮುಗಿಯಬೇಕಿತ್ತು. ಗೆದ್ದವರು ಸುಮ್ಮನಿರಬೇಕಲ್ಲ.

ಪ್ರಕಾಶ ಭಾವ: ನೋಡಿದ್ಯಾ? ಟರ್ಬೋ ಕಲ್ಲಿನಂಗಿದೆ. ಒಂದು ಹೋಸಿಗೋಸ್ಕರ 43 ಜನರ ಮುಂದೆ ನನ್ನ ಮರ್ಯಾದೆ ತೆಗೆದೆ.

ಸತೀಶಣ್ಣ: ನಾನು ಯಾರ ಹೆಸರೂ ಹೇಳಿಲ್ಲ ಭಾವ

ಪ್ರಕಾಶ ಭಾವ: ಹೋಸ್ ಅಂದ್ಮೇಲೆ ಹರಿಯುತ್ತೆ ಕಣಯ್ಯ. ಹೋದ ಸಲ ಹರಿದಾಗ್ಲೂ ಅಲ್ಲೇ, ಕ್ಲಾಂಪ್ ಹತ್ರವೇ.

ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆ ಸಾಲಿದ್ದ ಕಡೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಕಾಣಿಸಿತು.

ಸತೀಶಣ್ಣ: ಹೋದ ಸಲ ಅಂದ್ರೆ ಯಾವ ಸಲ ಭಾವ?

ಸುಷ್ಮಾ: ಸ್ಪ್ಯಾನರ್ ಮುಟ್ಟಿಸಿಲ್ಲ ಅಂದಿದ್ರಲ್ಲ ಭಾವ?

ವಿನಯಕ್ಕ: ಚಿಕ್ಕಮ್ಮ, ತಪ್ಪಲೆ ಫೋಟೋ ಹಾಕ್ತಿದೀನಿ, ಎಲ್ಲರೂ ನೋಡಿ. ಅಡಿಯಲ್ಲಿ ಅಜ್ಜಿ ಹೆಸರು ಕೆತ್ತಿದೆ.